ನೌಕರಿ ಇಲ್ಲದ ಓಟ

ನಮ್ಮ ರಾಯಚೂರು ಕಡೆ ಓಟಕ್ಕೆ ಇರುವುದು ಎರಡೇ ಅಳತೆ. ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 400 ಮೀಟರ್. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದರೆ ಹುಡುಗ ಆರೂವರೆ ನಿಮಿಷದಲ್ಲಿ, ಹುಡುಗಿ ಎರಡು ನಿಮಿಷದಲ್ಲಿ ಮುಗಿಸಬೇಕು. ಮಟಮಾರಿಯಲ್ಲಿ ಯಾರಾದರೂ ನಸುಕಿನಲ್ಲಿ ಓಡುತ್ತಿದ್ದರೆ ‘ಯಾಕ ಓಡ್ತೀ’ ಎಂದು ಯಾರೂ ಕೇಳುವುದಿಲ್ಲ. ‘ಯಾವ ಭರ್ತಿಗೆ’ ಎಂದು ಕೇಳುತ್ತಾರೆ.

ನನ್ನ ಅಣ್ಣ ಹಾಗೆ ನಾಲ್ಕು ವರ್ಷ ಓಡಿದ. ಮಿಲಿಟರಿ ಸೇರುವ ಹುಚ್ಚು. ಅವ್ವ ರೊಟ್ಟಿ ಬಡಿಯಲು ಏಳುವ ಮೊದಲೇ ಕ್ಯಾನ್ವಾಸ್ ಬೂಟು ಕಟ್ಟಿಕೊಂಡು ಸ್ಟೇಷನ್ ಕಡೆಗೆ ಹೊರಟುಬಿಡುತ್ತಿದ್ದ. ಕೊರೋನಾ ಬಂತು, ರ‍್ಯಾಲಿಗಳು ನಿಂತವು. ಮತ್ತೆ ಶುರುವಾಗುವ ಹೊತ್ತಿಗೆ ಅವನ ವಯಸ್ಸು ದಾಟಿತ್ತು. ಅಂದಿನಿಂದ ಬೂಟು ಅಟ್ಟ ಸೇರಿತು. ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಹೊಟ್ಟೆಯೂ ಬಂದಿದೆ.

ನಾನು ಎಂ.ಎಸ್ಸಿ ಓದಲು ಇಂಗ್ಲೆಂಡಿನ ಲೀಡ್ಸ್ ಊರಿಗೆ ಬಂದಿದ್ದು ಹೋದ ಸೆಪ್ಟೆಂಬರಿನಲ್ಲಿ. ನನ್ನ ಕ್ಲಾಸಿನ ಧಾರವಾಡದ ಹುಡುಗಿಯೊಬ್ಬಳು ‘ಶನಿವಾರ ಪಾರ್ಕ್‌ರನ್ ಐತಿ, ಬರ್ತೀ ಏನು?’ ಎಂದಳು. ‘ಎಷ್ಟು ಫೀಸು?’ ಎಂಬುದು ನನ್ನ ಮೊದಲ ಪ್ರಶ್ನೆ. ಬೆಂಗಳೂರಿನ ದೊಡ್ಡ ಓಟಗಳಿಗೆ ಹೆಸರು ಹಚ್ಚಲು ಸಾವಿರ ರೂಪಾಯಿ ದಾಟುತ್ತದೆಂದು ಕೇಳಿದ್ದೆ. ಇದಕ್ಕೆ ಒಂದು ಪೈಸೆಯೂ ಇಲ್ಲ. ಒಮ್ಮೆ ಹೆಸರು ನೋಂದಾಯಿಸಿದರೆ ನಮ್ಮದೇ ಒಂದು ಬಾರ್‌ಕೋಡ್ ಬರುತ್ತದೆ. ಅದನ್ನು ಪ್ರಿಂಟ್ ತೆಗೆದೋ ಫೋನಿನಲ್ಲಿಟ್ಟುಕೊಂಡೋ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ನಿಂತರೆ ಸಾಕು. ಓಟ 5 ಕಿಲೋಮೀಟರ್.

ವಿಶ್ವವಿದ್ಯಾಲಯದ ಪಕ್ಕದಲ್ಲೇ ವುಡ್‌ಹೌಸ್ ಮೂರ್ ಎಂಬ ಪಾರ್ಕಿದೆ. ಪಾರ್ಕಿನೊಳಗೇ ಸುತ್ತು ಹೊಡೆಯುವ ಓಟ, ನಡುವೆ ಉಸಿರು ಹಿಡಿಸುವ ಏರು. ಹೋಗಿ ನೋಡಿದರೆ ಜಾತ್ರೆಗೆ ಸೇರಿದಂತೆ ಜನ. ಕೂಸನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಂದ ಅಪ್ಪ, ನಾಯಿಯನ್ನು ಹಗ್ಗದಲ್ಲಿ ಹಿಡಿದ ಅಜ್ಜ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡ ಅಜ್ಜಿ. ನಾನು ಸಲ್ವಾರ್ ಮೇಲೆ ಸ್ವೆಟರ್, ಅದರ ಮೇಲೆ ಜಾಕೆಟ್ ಹಾಕಿಕೊಂಡು ಹೋಗಿದ್ದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಿನವಳಿಗೆ 8 ಡಿಗ್ರಿ ಎಂದರೆ ಹಿಮಾಲಯವೇ. ಯಾರೂ ನನ್ನ ಬಟ್ಟೆಯನ್ನು ಎರಡನೇ ಸಲ ನೋಡಲಿಲ್ಲ. ಊರಲ್ಲಿ ಡಿಗ್ರಿ ಓದುವಾಗ ಕಾನ್‌ಸ್ಟೆಬಲ್ ಪರೀಕ್ಷೆಗೆಂದು ಕತ್ತಲಲ್ಲಿ, ಅಣ್ಣನ ಕಾವಲಲ್ಲಿ, ವೇಲ್ ಸೊಂಟಕ್ಕೆ ಬಿಗಿದುಕೊಂಡು 400 ಮೀಟರ್ ಓಡುತ್ತಿದ್ದವಳು ನಾನು. ಬೆಳಕು ಹರಿಯುವ ಮೊದಲೇ ಮನೆ ಸೇರಬೇಕಿತ್ತು. ಇಲ್ಲಿ ಹಾಡಹಗಲಲ್ಲಿ ಎಲ್ಲರ ನಡುವೆ ಓಡಿದಾಗ ಎಷ್ಟು ಹಗುರಾಯಿತೆಂದರೆ, ಆ ಖುಷಿಗೆ ಮೊದಲ ಸುತ್ತಿನಲ್ಲೇ ದಮ್ಮು ಕಟ್ಟಿತು!

ಅರ್ಧ ಓಡಿ ಅರ್ಧ ನಡೆದೆ. ಹಿಂದೆ ತಿರುಗಿ ನೋಡಿದಾಗ ಬಣ್ಣದ ಜಾಕೆಟ್ ತೊಟ್ಟ ಒಬ್ಬರು ಮೆಲ್ಲಗೆ ನಡೆದು ಬರುತ್ತಿದ್ದರು. ಅವರು ಟೇಲ್ ವಾಕರ್, ಅಂದರೆ ಬೇಕೆಂದೇ ಎಲ್ಲರಿಗಿಂತ ಕೊನೆಗೆ ಬರುವ ಸ್ವಯಂಸೇವಕರು. ಅವರು ಇರುವವರೆಗೆ ಓಡಲು ಬಂದವರು ಯಾರೂ ಕೊನೆಯವರಾಗುವುದಿಲ್ಲ. ಇಂಥದ್ದೊಂದು ಕೆಲಸವನ್ನು ಕಂಡುಹಿಡಿದವರ ತಲೆಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ನಮ್ಮ ಶಾಲೆಯ ಕ್ರೀಡಾಕೂಟಗಳಲ್ಲಿ ಕೊನೆಗೆ ಬಂದವರಿಗೆ ಸಿಗುತ್ತಿದ್ದುದು ನಗು ಮಾತ್ರ.

ನನ್ನ ಸಮಯ 38 ನಿಮಿಷ 12 ಸೆಕೆಂಡ್. ಫಲಿತಾಂಶ ಅದೇ ದಿನ ಇಮೇಲ್‌ಗೆ ಬಂತು. ಅದರಲ್ಲಿ ವಯಸ್ಸಿಗೆ ತಕ್ಕ ಅಂಕ ಎಂಬುದೊಂದಿದೆ. ನಿಮ್ಮ ವಯಸ್ಸಿನವರ ಅತ್ಯುತ್ತಮ ಓಟಕ್ಕೆ ಹೋಲಿಸಿದರೆ ನೀವು ಶೇಕಡಾ ಎಷ್ಟು ಎಂಬ ಲೆಕ್ಕ. ನನಗೆ ಬಂದಿದ್ದು ಶೇ 38. ಮುಂದಿನ ವಾರ ಮಾತಿಗೆ ಸಿಕ್ಕ ಎಪ್ಪತ್ತು ದಾಟಿದ ಅಜ್ಜಿಗೆ ಶೇ 60ಕ್ಕೂ ಮೇಲೆ. ಅವರು ಅದನ್ನು ನನಗೆ ಎರಡು ಸಲ ಹೇಳಿದರು. ಹೇಳಲಿ ಬಿಡಿ, ಓಡಿದ್ದಾರಲ್ಲ.

ಇದು ಶುರುವಾದ ಬಗೆಯೂ ಚೆನ್ನಾಗಿದೆ. 2004ರ ಅಕ್ಟೋಬರ್ 2ರಂದು, ನಮ್ಮಲ್ಲಿ ಗಾಂಧಿ ಜಯಂತಿಯ ದಿನ, ಲಂಡನ್ನಿನ ಬುಶಿ ಪಾರ್ಕಿನಲ್ಲಿ 13 ಜನ ಓಡಿದರು. ಕರೆದವರು ಪಾಲ್ ಸಿಂಟನ್-ಹೆವಿಟ್. ಗಾಯವಾಗಿ ಓಡಲಾಗದೆ ಕುಳಿತಿದ್ದ ಮನುಷ್ಯ, ಓಟದ ಗೆಳೆಯರ ಸಂಗವಾದರೂ ಉಳಿಯಲಿ ಎಂದು ಪ್ರತಿ ಶನಿವಾರ ಗಡಿಯಾರ ಹಿಡಿದು ನಿಲ್ಲುವೆ ಎಂದ. ಗುರಿ ಮುಟ್ಟಿದವರಿಗೆ ಟೋಕನ್ ಎಂದು ಆಗ ಕೊಡುತ್ತಿದ್ದುದು ಹಾರ್ಡ್‌ವೇರ್ ಅಂಗಡಿಯಿಂದ ತಂದು ನಂಬರ್ ಒತ್ತಿದ ವಾಷರ್‌ಗಳು. 2007ರಲ್ಲಿ ಅದು ನಮ್ಮ ಈ ಲೀಡ್ಸ್‌ಗೂ ಬಂತು. ಈಗ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿದೆ. 2018ರಿಂದ ಇಲ್ಲಿನ ಎಷ್ಟೋ ದವಾಖಾನೆಗಳ ಡಾಕ್ಟರುಗಳು ಗುಳಿಗೆಯ ಜೊತೆಗೆ ‘ಶನಿವಾರ ಪಾರ್ಕಿಗೆ ಹೋಗಿ’ ಎಂದೂ ಹೇಳುತ್ತಾರೆ.

ಎಲ್ಲವೂ ನಡೆಯುವುದು ಸ್ವಯಂಸೇವಕರಿಂದ. ನಾನೂ ಒಂದು ವಾರ ಸ್ಕ್ಯಾನರ್ ಹಿಡಿದು ನಿಂತೆ. ಓಡಿ ಬಂದವರ ಬಾರ್‌ಕೋಡ್, ಆಮೇಲೆ ಅವರ ಕೈಯ ಟೋಕನ್, ಎರಡನ್ನೂ ಬೀಪ್ ಅನ್ನಿಸಿದರೆ ಕೆಲಸ ಮುಗಿಯಿತು. ಬಾರ್‌ಕೋಡ್ ಮರೆತು ಬಂದವರಿಗೆ ಸಮಯ ದಾಖಲಾಗುವುದಿಲ್ಲ, ಎಷ್ಟು ಗೋಗರೆದರೂ ಇಲ್ಲ. ಬೆರಳುಗಳು ಚಳಿಗೆ ಮರಗಟ್ಟಿದರೂ ಅಂದು ಓಡಿದ ದಿನಗಳಿಗಿಂತ ಹೆಚ್ಚು ಜನ ನನ್ನನ್ನು ಮಾತಾಡಿಸಿದರು. ಪರದೇಶಕ್ಕೆ ಬಂದು ಎರಡು ತಿಂಗಳು ರೂಮಿನಲ್ಲಿ ಒಬ್ಬಳೇ ಅನ್ನ ಸಾರು ಉಂಡವಳಿಗೆ ಅದು ಸಣ್ಣ ಮಾತಲ್ಲ.

ಹಾಗೆಂದು ಇಲ್ಲಿ ಎಲ್ಲವೂ ಸ್ವರ್ಗವಲ್ಲ. 2016ರಲ್ಲಿ ಬ್ರಿಸ್ಟಲ್ ಹತ್ತಿರದ ಸ್ಟೋಕ್ ಗಿಫರ್ಡ್ ಎಂಬಲ್ಲಿನ ಸ್ಥಳೀಯ ಆಡಳಿತ, ಪಾರ್ಕಿನ ದಾರಿ ಸವೆಯುತ್ತದೆ, ಖರ್ಚಿಗೆ ದುಡ್ಡು ಕೊಡಿ ಎಂದಿತ್ತು. ಅದರ ದೊಡ್ಡ ಗಲಾಟೆಯೇ ಆಯಿತು. ಇನ್ನು ನಮ್ಮಂಥ ಕಂದು ಮುಖಗಳನ್ನು ನಾನು ಪಾರ್ಕಿನಲ್ಲಿ ಬೆರಳೆಣಿಕೆಯಷ್ಟೇ ಕಂಡಿದ್ದೇನೆ. ಇದೇ ಊರಿನಲ್ಲಿ ನಮ್ಮ ದೇಶದ ಕುಟುಂಬಗಳಿಗೇನು ಕಡಿಮೆಯಿಲ್ಲ. ಪುಕ್ಕಟೆ ಎಂದ ಮಾತ್ರಕ್ಕೆ ಎಲ್ಲರೂ ಬಂದುಬಿಡುವುದಿಲ್ಲ, ‘ಇದು ನಮಗೂ ಹೌದು’ ಎನ್ನಿಸಬೇಕು.

ಓಟ ಮುಗಿಸಿ ಮನೆಗೆ ಫೋನ್ ಹಚ್ಚುವ ಹೊತ್ತಿಗೆ ಊರಲ್ಲಿ ಮಧ್ಯಾಹ್ನ ಮೂರೂವರೆ.

‘ಓಡಿದ್ರ ಏನ್ ಕೊಡ್ತಾರವಾ?’ ಎಂದಳು ಅವ್ವ.

‘ಏನೂ ಕೊಡಂಗಿಲ್ಲ ಯವ್ವಾ.’

‘ಮತ್ತ ಯಾವ ಸೌಭಾಗ್ಯಕ್ಕ ಓಡ್ತೀ?’

ಅಣ್ಣ ಹಿಂದಿನಿಂದ ನಕ್ಕಿದ್ದು ಕೇಳಿಸಿತು. ನಾನು ಆ ಅಜ್ಜಿಯ ಕತೆ, ಟೇಲ್ ವಾಕರ್ ಕತೆ ಹೇಳಿದೆ. ಅವನು ಸುಮ್ಮನೆ ಕೇಳಿದ. ಆಮೇಲೆ, ‘ವಯಸ್ಸಿನ ಲಿಮಿಟ್ ಇಲ್ಲೇನು?’ ಎಂದ. ಇಲ್ಲ ಎಂದೆ. ‘ಟೈಮಿನ ಲಿಮಿಟ್?’ ಅದೂ ಇಲ್ಲ. ‘ಹಂಗಾದ್ರ ಅದು ಓಟ ಅಲ್ಲ ತಗಿ’ ಎಂದು ಫೋನ್ ಅವ್ವನ ಕೈಗೆ ಕೊಟ್ಟ.

ಆ ಮಾತು ನನಗೆ ಚುಚ್ಚಿತು. ನಾಲ್ಕು ವರ್ಷ ಪ್ರತಿದಿನ ಓಡಿದವನಿಗೆ ಓಟದಲ್ಲಿ ಒಂದು ದಿನವೂ ಸುಖ ಸಿಗಲಿಲ್ಲವೇ? ಸಿಕ್ಕಿರಬೇಕು. ಕೆಲಸ ಸಿಗಲಿಲ್ಲವೆಂದು ಆ ಸುಖವನ್ನೂ ಅಟ್ಟಕ್ಕೆ ಹಾಕಿದ್ದ, ಅಷ್ಟೆ. ಅವನೊಬ್ಬನೇ ಅಲ್ಲ. ಅವನ ಜೊತೆಗೆ ಓಡುತ್ತಿದ್ದ ಐದಾರು ಹುಡುಗರಲ್ಲಿ ಈಗ ಯಾರೂ ಓಡುವುದಿಲ್ಲ. ಕೆಲಸ ಸಿಕ್ಕವರೂ ಓಡುವುದಿಲ್ಲ!

ನಮ್ಮೂರಲ್ಲಿ ಪಾರ್ಕ್ ಇಲ್ಲ ಎಂಬುದು ನೆವ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ನಸುಕಿನಲ್ಲಿ ಎಷ್ಟೊಂದು ಜನ ನಡೆಯುತ್ತಾರೆ, ಶುಗರ್ ಬಂದವರೇ ಹೆಚ್ಚು. ಹಳ್ಳಿಯಲ್ಲಿ ಶಾಲೆಯ ಬಯಲಿದೆ, ಹೊಲದ ದಾರಿಯಿದೆ. ಬಿಸಿಲಿಗೆ ಮದ್ದು ಬೆಳಿಗ್ಗೆ ಐದೂವರೆ. ನಿಜವಾದ ತೊಡಕು ಬೇರೆ. ಹುಡುಗಿಯೊಬ್ಬಳು ಸುಮ್ಮನೆ ಓಡಿದರೆ ಊರಿಗೆ ಕಾರಣ ಬೇಕು. ಹತ್ತು ಜನ ಒಟ್ಟಿಗೆ, ವಾರಕ್ಕೊಮ್ಮೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಓಡಿದರೆ ಆ ಪ್ರಶ್ನೆ ನಾಲ್ಕನೇ ವಾರಕ್ಕೆ ತಾನೇ ಸುಸ್ತಾಗಬಹುದು. ಇದನ್ನೆಲ್ಲ ಬರೆದು ಅಣ್ಣನಿಗೆ ಉದ್ದನೆಯ ಮೆಸೇಜು ಕಳಿಸಿದೆ. ಎರಡು ನೀಲಿ ಗೆರೆ ಬಿದ್ದವು, ಉತ್ತರ ಬರಲಿಲ್ಲ.

ಮೂರು ವಾರದ ನಂತರ ಒಂದು ಫೋಟೊ ಬಂತು. ನೋಟ್‌ಬುಕ್ಕಿನ ಹಾಳೆ. ಬೈಕಿನ ಮೀಟರ್ ನೋಡಿ ಶಾಲೆಯಿಂದ ಎರಡೂವರೆ ಕಿಲೋಮೀಟರ್ ಅಳೆದು ಬೇವಿನ ಮರಕ್ಕೆ ಸುಣ್ಣ ಬಳಿದಿದ್ದಾನಂತೆ, ಅಲ್ಲಿಗೆ ಹೋಗಿ ತಿರುಗಿ ಬಂದರೆ ಐದು. ಹಾಳೆಯಲ್ಲಿ ಆರು ಹೆಸರು, ಎದುರಿಗೆ ಸಮಯ. ಮೂರು ಜನ ಹೈಸ್ಕೂಲ್ ಹುಡುಗರು, ಒಬ್ಬ ಅವನ ಹಳೆಯ ಜೊತೆಗಾರ, ಎದುರು ಮನೆಯ ಪಿಯುಸಿ ಹುಡುಗಿ ಮತ್ತು ಅವಳ ಅವ್ವ. ಅವ್ವ ನಡೆದಿದ್ದಾಳೆ, 58 ನಿಮಿಷ. ಅಣ್ಣನ ಹೆಸರು ಎಲ್ಲೂ ಇಲ್ಲ. ಕೇಳಿದ್ದಕ್ಕೆ, ‘ನಾ ಅವರ ಹಿಂದ ನಡ್ಕೊಂತ ಬಂದೆ. ವಾಷರ್ ಡಜನ್ನಿಗೆ ಎಷ್ಟಂತ ರಾಯಚೂರಾಗ ಕೇಳೇನಿ’ ಎಂದ.