ಹೆಸರು ಮುಚ್ಚಿ ಓದುವುದು, ಹೆಸರು ತೆರೆದು ಓದುವುದು

ಪರಿಚಯವಿಲ್ಲದ ಕವಿತೆಯೊಂದನ್ನು ಕೈಗೆ ಕೊಟ್ಟು ‘ಇದರ ಬಗ್ಗೆ ಬರೆಯಿರಿ’ ಅಂದರೆ ನಮ್ಮ ವಿದ್ಯಾರ್ಥಿಗಳ ಕಣ್ಣು ಮೊದಲು ಹೋಗುವುದು ಕೆಳಗಿರುವ ಹೆಸರಿನ ಕಡೆಗೆ. ಹೆಸರಿನಿಂದ ಜಾತಿ, ಜಾತಿಯಿಂದ ಅರ್ಥ. ಕವಿ ದಲಿತ ಅಂತ ಗೊತ್ತಾದ ಕೂಡಲೇ ‘ಕವಿ ತಮ್ಮ ಆಕ್ರೋಶವನ್ನು ವ್ಯಕ್ತಪಡಿಸಿದ್ದಾರೆ’ ಎಂಬ ಸಿದ್ಧವಾಕ್ಯ ಬಂದು ಕೂರುತ್ತದೆ. ಕವಿತೆಯನ್ನು ಮುಟ್ಟದೆಯೇ ಮೆಚ್ಚುವುದೂ ಒಂದು ಬಗೆಯ ಮಡಿ.

ಕೇಂಬ್ರಿಜ್‌ನಲ್ಲಿ ಐ.ಎ. ರಿಚರ್ಡ್ಸ್ ಕವಿಗಳ ಹೆಸರು ತೆಗೆದು ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟ. ಅವರು ಬರೆದದ್ದನ್ನು ಪರಿಶೀಲಿಸಿ 1929ರಲ್ಲಿ ಪುಸ್ತಕ ಮಾಡಿದ. ನಾವು ಕಲಿಸುವ ಪ್ರಾಯೋಗಿಕ ವಿಮರ್ಶೆಯ ಬೇರು ಅಲ್ಲಿದೆ. ಅದರಲ್ಲಿ ಅರ್ಧ ನಮಗೆ ಬೇಕು, ಅರ್ಧ ಸಾಲದು.

ಮೊದಲ ಓದಿಗೆ ಹೆಸರು ಮುಚ್ಚಿ. ಯಾರು ಯಾರಿಗೆ ಮಾತಾಡುತ್ತಿದ್ದಾರೆ, ನೋಡಿ. ‘ನೀವು’ ಅಂತಲೋ ‘ಏನ್ಲಾ’ ಅಂತಲೋ ‘ಬುದ್ಧೀ’ ಅಂತಲೋ? ಕನ್ನಡದಲ್ಲಿ ಜಾತಿ ಕರೆಯುವ ರೀತಿಯಲ್ಲೇ ಕೂತಿರುತ್ತದೆ. ‘ನಾವು’ ಅಂದಾಗ ಕೇಳುವವನು ಒಳಗಿದ್ದಾನೋ ಹೊರಗಿದ್ದಾನೋ ಅಂತ ಆ ಪದವೊಂದೇ ಹೇಳುವುದಿಲ್ಲ. ಉಳಿದ ಸಾಲುಗಳಲ್ಲಿ ಹುಡುಕಬೇಕು.

ಆಮೇಲೆ ಪದಗಳು. ನಾನು ಬೈಲಕುಪ್ಪೆಯ ಕಡೆ ಪಾಠ ಮಾಡುವವನು. ಇಲ್ಲಿ ‘ಊರು’ ಅನ್ನೋ ಪದವನ್ನೇ ತಗೊಳ್ಳಿ. 1960ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದು ನೆಲೆಸಿದ ಟಿಬೆಟಿಯನ್ನರಿಗೆ ಅದು ಬಿಟ್ಟುಬಂದ ಜಾಗ. ಕೇರಿಯವನಿಗೆ ಕಣ್ಣೆದುರೇ ಇದ್ದೂ ಒಳಗೆ ಬಿಟ್ಟುಕೊಳ್ಳದ ಜಾಗ. ಎಚ್.ಡಿ. ಕೋಟೆಯ ಜೇನುಕುರುಬರ ಹುಡುಗನಿಗೆ ‘ಹಾಡಿ’ ಅಂದರೆ ಮೊದಲು ಮನೆ, ಆಮೇಲೆ ಹಾಡು. ನಿಘಂಟು ನೋಡಿ, ಬೇಡ ಅನ್ನೋದಿಲ್ಲ. ಆದರೆ ಪಕ್ಕದಲ್ಲಿ ಕೂತವರನ್ನೂ ಕೇಳಿ.

ಎರಡನೇ ಓದಿಗೆ ಹೆಸರು ತೆರೆಯಿರಿ. ಮುಚ್ಚಿಯೇ ಇರಲಿ, ಸಾಹಿತ್ಯಕ್ಕೆ ಜಾತಿಯಿಲ್ಲ ಅನ್ನುವವರಿದ್ದಾರೆ. 1973ರಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಅಂದದ್ದಕ್ಕೆ ಬಿ. ಬಸವಲಿಂಗಪ್ಪನವರು ಮಂತ್ರಿಸ್ಥಾನವನ್ನೇ ಬಿಡಬೇಕಾಯಿತು. ಯಾರು ಹೇಳಿದರು ಅನ್ನೋದು ಲೆಕ್ಕಕ್ಕಿಲ್ಲ ಅಂತ ಆ ಗಲಾಟೆ ಕಂಡವರು ಹೇಳಲಾರರು. ಹೆಸರು ತಿಳಿದ ಮೇಲೆ ಯಾವ ಸಾಲಿನ ಅರ್ಥ ಬದಲಾಯಿತು, ಅದನ್ನು ಗುರುತು ಹಾಕಿಕೊಳ್ಳಿ.

ಈಗ ಅರ್ಧ ಹಾಳೆಯಲ್ಲಿ ಯೋಜನೆ. ಒಂದು ವಾಕ್ಯದಲ್ಲಿ ನಿಮ್ಮ ವಾದ. ಅದು ಇನ್ನೊಬ್ಬರು ಒಪ್ಪದೆ ಜಗಳಕ್ಕೆ ನಿಲ್ಲಬಹುದಾದಂಥದ್ದಾಗಿರಲಿ. ಅದಕ್ಕೆ ಸಾಕ್ಷಿಯಾಗುವ ಮೂರು ಸಾಲು. ಕೊನೆಗೆ, ವಾದಕ್ಕೆ ಹೊಂದದ ಒಂದು ಸಾಲು. ಈ ಕೊನೆಯದನ್ನು ಬಿಡಬೇಡಿ. 1975ರ ‘ಹೊಲೆಮಾದಿಗರ ಹಾಡು’ ಬರೆದ ಸಿದ್ಧಲಿಂಗಯ್ಯನವರೇ ‘ಊರುಕೇರಿ’ಯಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದವರು. ಎಲ್ಲವನ್ನೂ ಆಕ್ರೋಶದ ಡಬ್ಬಿಗೆ ತುಂಬಿದರೆ ಆ ನಗು ಎಲ್ಲಿಗೆ ಹೋಗಬೇಕು?

ಕವಿತೆ ಚೆನ್ನಾಗಿಲ್ಲ ಅನ್ನಿಸಿದರೆ ಅದನ್ನೂ ಬರೆಯಿರಿ, ಸಾಲು ತೋರಿಸಿ ಬರೆಯಿರಿ. ನಮ್ಮವರ ಕವಿತೆ ಅಂತ ರಿಯಾಯಿತಿ ಬೇಡ. ಕೇರಿಯಿಂದ ಬಂದ ಹುಡುಗಿಗೆ ‘ನಿನಗೆ ಭಾಷೆ ಬರಲ್ಲ’ ಅಂತ ಹೇಳಿ ಹೇಳಿ ಕೂರಿಸಿದ್ದಾರೆ. ಪಂಪನಾಗಲಿ ಅಡಿಗರಾಗಲಿ, ಯಾರ ಪದ್ಯವನ್ನಾದರೂ ಎದುರಿಗಿಟ್ಟುಕೊಂಡು ತನ್ನ ತೀರ್ಪನ್ನು ಸಾಕ್ಷಿ ಸಮೇತ ಬರೆಯುವ ಧೈರ್ಯ ಅವಳಿಗೆ ಬರಬೇಕು. ಈ ಅರ್ಧ ಹಾಳೆ ಇರುವುದು ಅದಕ್ಕೆ.