ಕಣ್ಣು ಕೆಂಪಾಯ್ತೇ? ಡ್ರಾಪ್ಸ್ ಕೊಳ್ಳುವ ಮುನ್ನ ಹೆಸರು ಓದಿ

ಸಂಜೆ ಆರತಕ್ಷತೆಗೆ ಹೋಗಬೇಕು. ರೇಷ್ಮೆ ಸೀರೆ ಉಟ್ಟು ಕನ್ನಡಿ ಮುಂದೆ ನಿಂತರೆ ಕಣ್ಣೆರಡೂ ಕೆಂಪು ಕೆಂಪು! ಒಗ್ಗರಣೆ ಹೊಗೆಯೋ, ಸ್ಕೂಟರ್‌ನಲ್ಲಿ ಹೋದಾಗ ಬಿದ್ದ ಧೂಳೋ, ನಿದ್ದೆಗೆಟ್ಟಿದ್ದೋ... ತಕ್ಷಣ ಮೆಡಿಕಲ್ ಶಾಪ್‌ಗೆ ಹೋಗಿ, 'ಕಣ್ಣು ಕೆಂಪಗಾಗಿದೆ, ಯಾವುದಾದ್ರೂ ಡ್ರಾಪ್ಸ್ ಕೊಡಿ' ಅಂತೀರಿ ಅಲ್ವಾ? ಸ್ವಲ್ಪ ತಾಳಿ. ದುಡ್ಡೂ ಉಳಿಯಬೇಕು, ಕಣ್ಣೂ ಉಳಿಯಬೇಕು ಅಂದ್ರೆ ಡಬ್ಬಿ ಮೇಲಿನ ಹೆಸರು ಓದೋದನ್ನು ಕಲಿಯಿರಿ.

ಪ್ರತಿ ಔಷಧಿಗೂ ಎರಡು ಹೆಸರು. ಒಂದು ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು, ಇನ್ನೊಂದು ಔಷಧಿಯ ನಿಜವಾದ ಹೆಸರು, ಅಂದರೆ ಜೆನೆರಿಕ್ ಹೆಸರು. ಒಂದೇ ಔಷಧಿ ಇರುವ ಡ್ರಾಪ್ಸ್ ಆದರೆ ಈ ಜೆನೆರಿಕ್ ಹೆಸರನ್ನೇ ದೊಡ್ಡದಾಗಿ ಮುದ್ರಿಸಬೇಕೆಂಬ ನಿಯಮ 2018ರಿಂದ ಇದೆ. ಹೆಸರು ಮತ್ತು ಶೇಕಡಾ ಪ್ರಮಾಣ ಎರಡೂ ಒಂದೇ ಆಗಿದ್ದರೆ, ಕಡಿಮೆ ಬೆಲೆಯದ್ದೂ ಅದೇ ಔಷಧಿ.

ಕೆಂಪು ತೆಗೆಯುವ ಡ್ರಾಪ್ಸ್‌ಗಳಲ್ಲಿ ಸಾಮಾನ್ಯವಾಗಿ ನ್ಯಾಫಜೋಲಿನ್‌ನಂಥ ಔಷಧಿ ಇರುತ್ತದೆ. ಇದು ಕಣ್ಣಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಅಷ್ಟೇ. ಕೆಂಪಾಗಲು ಕಾರಣವಾದ ತೊಂದರೆ ಹಾಗೇ ಇರುತ್ತದೆ. ಮೂರು ದಿನಕ್ಕಿಂತ ಹೆಚ್ಚು ಹಾಕಿದರೆ, ಬಿಟ್ಟ ಮೇಲೆ ಕಣ್ಣು ಮೊದಲಿಗಿಂತ ಹೆಚ್ಚು ಕೆಂಪಾಗಬಹುದು. ಗ್ಲಾಕೋಮಾ, ಬಿಪಿ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಡಾಕ್ಟರನ್ನು ಕೇಳದೆ ಹಾಕಲೇಬಾರದು.

ಧೂಳು, ಟಿವಿ, ಮೊಬೈಲ್‌ನಿಂದ ಕಣ್ಣು ಒಣಗಿ ಉರಿಯುತ್ತಿದ್ದರೆ ಕೃತಕ ಕಣ್ಣೀರು ಸಾಕಾಗುತ್ತದೆ. ಇದರ ಜೆನೆರಿಕ್ ಹೆಸರು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಚಿಕ್ಕದಾಗಿ ಸಿಎಂಸಿ. 0.5% ಸಾಮಾನ್ಯ ಪ್ರಮಾಣ. ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹತ್ತಿರದ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಡಾಕ್ಟರ್ ಬ್ರ್ಯಾಂಡ್ ಹೆಸರು ಬರೆದಿದ್ದರೆ, 'ಜೆನೆರಿಕ್ ಹೆಸರೂ ಬರೆದುಕೊಡಿ ಸಾರ್' ಅಂತ ಕೇಳಿ. ಸಂಕೋಚ ಬೇಡ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇಲ್ಲಿದೆ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂಬ ಹೆಸರು ಕಂಡರೆ ಅದು ಸ್ಟೀರಾಯ್ಡ್. ಬ್ರ್ಯಾಂಡ್ ಹೆಸರು ಒಂದೇ ಥರ ಇದ್ದು, ಕೊನೆಗೆ 'ಡಿ' ಅಥವಾ 'ಡಿಎಕ್ಸ್' ಸೇರಿದ್ದರೂ ಒಳಗೆ ಸ್ಟೀರಾಯ್ಡ್ ಇರಬಹುದು. ಹಾಕಿದರೆ ಕೆಂಪು ಬೇಗ ಹೋಗುತ್ತೆ, ಖುಷಿಯೂ ಆಗುತ್ತೆ. ಆದರೆ ಡಾಕ್ಟರ್ ಹೇಳದೆ ವಾರಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬೆಳೆಯಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಪಕ್ಕದ ಮನೆಯವರಿಗೆ ಗುಣವಾಯ್ತು ಅಂತ ಅವರ ಡ್ರಾಪ್ಸ್ ತಂದು ಹಾಕಿಕೊಳ್ಳಬೇಡಿ.

ಇವು ನೆನಪಿರಲಿ

* ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆಯಿರಿ. ಸಾಮಾನ್ಯವಾಗಿ ಒಂದು ತಿಂಗಳಾದ ಮೇಲೆ ಉಳಿದರೂ ಎಸೆಯಿರಿ.

* ಬಾಟಲಿಯ ತುದಿ ಕಣ್ಣಿಗೆ, ಬೆರಳಿಗೆ ತಾಗದಿರಲಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆದೇ ಡ್ರಾಪ್ಸ್ ಹಾಕಿ.

* ಮಕ್ಕಳ ಕೈಗೆ ಸಿಗದಂತೆ ಇಡಿ. ಕೆಂಪು ತೆಗೆಯುವ ಡ್ರಾಪ್ಸ್ ಸ್ವಲ್ಪ ಹೊಟ್ಟೆಗೆ ಹೋದರೂ ಮಗುವಿಗೆ ಅಪಾಯ.

* ನೋವು, ಕೀವು, ದೃಷ್ಟಿ ಮಂಜಾಗುವುದು, ಬೆಳಕು ಚುಚ್ಚುವುದು ಇದ್ದರೆ ಯಾವ ಡ್ರಾಪ್ಸೂ ಬೇಡ. ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ತರಕಾರಿಯನ್ನು ಹತ್ತು ಸಲ ತಿರುಗಿಸಿ ನೋಡಿ ಕೊಳ್ಳುವವರು ನೀವು. ಕಣ್ಣಿಗೆ ಬಿಡುವ ಔಷಧಿಯನ್ನು ಒಂದು ಸಲವಾದರೂ ಓದಿ ಕೊಳ್ಳಬಾರದೇ?