ಎಳೆಯ ಬೆನ್ನು ಮತ್ತು ಗಾಲ್ಫ್ ಕೋಲು

ಕಳೆದ ಜಾತ್ರೆಯ ಸಂದರ್ಭದಲ್ಲಿ ಶ್ರೀಮಠದ ಆವರಣದಲ್ಲಿ ಏರ್ಪಟ್ಟಿದ್ದ ಆರೋಗ್ಯ ತಪಾಸಣಾ ಶಿಬಿರದಲ್ಲಿ ಹಿರಿಯ ಭಕ್ತರೊಬ್ಬರು ತಮ್ಮ ಮೊಣಕಾಲಿನ ನೋವನ್ನು ಹೇಳಿ ಮುಗಿಸಿದ ಮೇಲೂ ಎದ್ದು ಹೋಗದೆ ಕುಳಿತಿದ್ದರು. ವಿಚಾರಿಸಿದಾಗ ಅವರ ಚಿಂತೆ ಹೊರಬಿತ್ತು. ಬೆಂಗಳೂರಿನಲ್ಲಿರುವ ಮಗ ತನ್ನ ಆರು ವರ್ಷದ ಮಗಳನ್ನು ಗಾಲ್ಫ್ ತರಬೇತಿಗೆ ಸೇರಿಸಿದ್ದಾನೆ. ವಾರಕ್ಕೆ ಐದು ದಿನ, ಶಾಲೆ ಬಿಟ್ಟ ಕೂಡಲೇ ಅಭ್ಯಾಸ. "ಅಷ್ಟು ಎಳೆಯ ಮೈ ಅದನ್ನು ತಡೆದೀತೇ ಡಾಕ್ಟರೇ?" ಎಂದು ಕೇಳಿದರು. ಶಿಬಿರದ ಗಡಿಬಿಡಿಯಲ್ಲಿ ಎರಡು ಮಾತು ಹೇಳಿ ಕಳುಹಿಸಿದೆವು. ಇಂತಹ ಪ್ರಶ್ನೆ ಈಗ ಇನ್ನೂ ಕೆಲವು ಭಕ್ತ ಕುಟುಂಬಗಳಿಂದ, ಅಮೆರಿಕದಲ್ಲಿ ನೆಲೆಸಿದವರಿಂದಲೂ, ಬರುತ್ತಿರುವುದರಿಂದ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಸ್ಕಾಟ್ಲೆಂಡಿನಲ್ಲಿ ಬೆಳೆದ ಈ ಆಟ ನಮ್ಮ ನಾಡಿಗೆ ತೀರ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಕೋಲು, ಚೆಂಡು, ದೂರದ ಒಂದು ಕುಳಿ. ಅತಿ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಗೆ ಸೇರಿಸಬೇಕು, ಇಷ್ಟೇ ಆಟ. ಚಿಣ್ಣಿದಾಂಡು ಆಡಿ ಬೆಳೆದ ನಮ್ಮ ತಲೆಮಾರಿಗೆ ಇದರ ಸುಖ ಅರ್ಥವಾಗದೇ ಇರದು.

ವಾಗ್ಭಟಾಚಾರ್ಯರ ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ವ್ಯಾಯಾಮವನ್ನು ಯಾರು ಬಿಡಬೇಕು ಎಂಬ ವಿಚಾರ ಬರುತ್ತದೆ. ವಾತಪಿತ್ತದ ರೋಗಿಗಳು, ವೃದ್ಧರು ಮತ್ತು ಅಜೀರ್ಣವುಳ್ಳವರ ಜೊತೆಗೆ ಬಾಲರನ್ನೂ ಅಲ್ಲಿ ಸೇರಿಸಲಾಗಿದೆ. ಇದನ್ನು ಓದಿದವರಿಗೆ ಮಕ್ಕಳು ಮೈ ದಣಿಸಲೇಬಾರದು ಎಂದು ಅನ್ನಿಸಬಹುದು. ವಿದ್ಯಾರ್ಥಿ ದೆಸೆಯಲ್ಲಿ ನಮಗೂ ಹಾಗೆಯೇ ಅನ್ನಿಸಿತ್ತು. ಆದರೆ ಚರಕಸಂಹಿತೆಯ ಶಾರೀರಸ್ಥಾನವನ್ನು ತೆರೆದರೆ ಮಗುವಿನ ಆಟಿಕೆಗಳ ಬಗ್ಗೆಯೇ ಸೂಚನೆಗಳಿವೆ. ಅವು ಬಣ್ಣಬಣ್ಣವಾಗಿ, ಹಗುರವಾಗಿ, ಸದ್ದು ಮಾಡುವಂತಿರಬೇಕು, ಮೊನೆ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಮಗುವನ್ನು ಹೆದರಿಸಬಾರದು. ಆಟಿಕೆಯನ್ನು ಇಷ್ಟು ಅಕ್ಕರೆಯಿಂದ ವಿವರಿಸಿದ ಶಾಸ್ತ್ರ ಮಗುವಿನ ಆಟವನ್ನು ನಿಷೇಧಿಸಿತೆಂದು ಹೇಳಲಾಗದು. ಶರೀರಕ್ಕೆ ಆಯಾಸವನ್ನು ಉಂಟುಮಾಡುವ ಕರ್ಮಕ್ಕೆ ವ್ಯಾಯಾಮವೆಂದು ಹೆಸರು. ಮಗು ತಾನಾಗಿ ಆಡಿ, ತಾನಾಗಿ ನಿಲ್ಲಿಸುವುದು ಕ್ರೀಡೆ. ಬಾಲರಿಗೆ ಬೇಡವೆಂದದ್ದು ಮೊದಲನೆಯದು ಎಂದು ನಾವು ತಿಳಿಯುತ್ತೇವೆ. ಆದ್ದರಿಂದ ಆರು ವರ್ಷದ ಮಗು ಗಾಲ್ಫ್ ಆಡಬಹುದೇ ಎಂದು ಕೇಳುವ ಮೊದಲು, ಅದು ಆ ಮಗುವಿಗೆ ಕ್ರೀಡೆಯಾಗಿದೆಯೇ ಅಥವಾ ವ್ಯಾಯಾಮವಾಗಿದೆಯೇ ಎಂದು ನೋಡಬೇಕಾಗುತ್ತದೆ.

ಈ ಭೇದ ಏಕೆ ಮುಖ್ಯವೆಂಬುದು ಶರೀರರಚನೆಯಿಂದ ತಿಳಿಯುತ್ತದೆ. ಬಾಲ್ಯದಲ್ಲಿ ಧಾತುಗಳು ಇನ್ನೂ ಪಕ್ವವಾಗಿರುವುದಿಲ್ಲ. ಉದ್ದ ಮೂಳೆಗಳ ತುದಿಗಳ ಬಳಿ ಮೃದ್ವಸ್ಥಿಯ ತೆಳುವಾದ ಪದರವಿರುತ್ತದೆ. ಮೂಳೆ ಬೆಳೆಯುವುದು ಅಲ್ಲಿಂದಲೇ. ಆ ಪದರ ಪೂರ್ತಿ ಗಟ್ಟಿಯಾಗುವುದು ಹುಡುಗಿಯರಲ್ಲಿ ಸುಮಾರು 14-15 ವರ್ಷಕ್ಕೆ, ಹುಡುಗರಲ್ಲಿ 16-17ಕ್ಕೆ. ಸುಶ್ರುತಾಚಾರ್ಯರು ಬಾಲ್ಯದ ಗಡಿಯನ್ನು 16 ವರ್ಷಕ್ಕೆ ಇಟ್ಟಿರುವುದು ಇಲ್ಲಿ ನೆನಪಾಗುತ್ತದೆ. ಇನ್ನು ಗಾಲ್ಫಿನ ಬೀಸನ್ನು ಗಮನಿಸೋಣ. ಬಲಗೈ ಆಟಗಾರನು ಮೈಯನ್ನು ಬಲಕ್ಕೆ ತಿರುಚಿ, ಮರುಕ್ಷಣ ವೇಗವಾಗಿ ಎಡಕ್ಕೆ ತಿರುಗುತ್ತಾನೆ. ಆಗ ಸೊಂಟದ ಬಲಭಾಗವು ಮಡಿಚಿ ಒತ್ತಲ್ಪಡುತ್ತದೆ. ಲಗೋರಿಯಲ್ಲಾಗಲಿ ಈಜಿನಲ್ಲಾಗಲಿ ಎರಡೂ ಪಕ್ಕಗಳಿಗೆ ಕೆಲಸವಿದೆ. ಗಾಲ್ಫಿನಲ್ಲಿ ಪ್ರತಿ ಸಲವೂ ಅದೇ ಪಕ್ಕ, ಅದೇ ತಿರುವು. ಮೂವತ್ತು ಸಲಕ್ಕೆ ಏನೂ ಆಗದು. ದಿನವೂ ಮುನ್ನೂರು ಸಲವಾದರೆ ಬೆಳೆಯುತ್ತಿರುವ ಕಶೇರುಕದ ತೆಳುವಾದ ಭಾಗದಲ್ಲಿ ಕೂದಲೆಳೆಯಂತಹ ಬಿರುಕು ಮೂಡಬಹುದು. ಸೊಂಟದ ಐದನೆಯ ಕಶೇರುಕದಲ್ಲಿ ಇದು ಹೆಚ್ಚು.

ಇದನ್ನು ನಾವು ಪುಸ್ತಕದಿಂದಷ್ಟೇ ಕಲಿಯಲಿಲ್ಲ. ಹಲವು ವರ್ಷಗಳ ಹಿಂದೆ ಹದಿಮೂರರ ಬಾಲಕನೊಬ್ಬನನ್ನು ಬೆನ್ನುನೋವೆಂದು ನಮ್ಮಲ್ಲಿಗೆ ಕರೆತಂದಿದ್ದರು. ರಜೆಯಲ್ಲಿ ದಿನವಿಡೀ ಗಾಲ್ಫ್ ಅಭ್ಯಾಸ ಮಾಡುತ್ತಿದ್ದನೆಂದು ತಾಯಿ ಹೇಳಿದ್ದರೂ ಆ ಮಾತಿಗೆ ನಾವು ತಕ್ಕ ಗಮನ ಕೊಡಲಿಲ್ಲ. ವಾತಪ್ರಕೋಪವೆಂದು ಭಾವಿಸಿ ತೈಲಾಭ್ಯಂಗ, ಸ್ವೇದನ ಹೇಳಿ ಕಳುಹಿಸಿದೆವು. ಮೂರು ವಾರಗಳ ಬಳಿಕ ಹುಡುಗ ನೆಟ್ಟಗೆ ನಿಲ್ಲಲಾರದೆ ಬಂದ. ಮುಂದೆ ಬಾಗಿದರೆ ಅಷ್ಟಾಗಿ ನೋವಿಲ್ಲ, ಹಿಂದಕ್ಕೆ ಬಾಗಿದರೆ ಚೀರುತ್ತಿದ್ದ. ಮೂಳೆ ತಜ್ಞರಲ್ಲಿಗೆ ಕಳುಹಿಸಿದಾಗ ಬಿರುಕು ಪತ್ತೆಯಾಯಿತು. ಕೆಲವು ತಿಂಗಳ ವಿಶ್ರಾಂತಿಯಿಂದ ಗುಣವಾಯಿತೆಂಬುದು ಸಮಾಧಾನ. ಆದರೆ ಆ ಮೂರು ವಾರಗಳು ವ್ಯರ್ಥವಾದದ್ದು ನಮ್ಮಿಂದ. ಮಗುವಿಗೆ ಎರಡು ವಾರ ಮೀರಿದ ಬೆನ್ನುನೋವು, ಹಿಂದಕ್ಕೆ ಬಾಗಿದಾಗ ಹೆಚ್ಚುವ ನೋವು, ರಾತ್ರಿ ನಿದ್ದೆ ಕೆಡಿಸುವ ನೋವು ಅಥವಾ ಕುಂಟುನಡೆ ಇದ್ದರೆ ಎಣ್ಣೆ ಹಚ್ಚಿ ತಿಕ್ಕುತ್ತ ಕೂಡದೆ ಮೊದಲು ಮೂಳೆ ತಜ್ಞರಿಗೆ ತೋರಿಸಿರಿ. ಆಯುರ್ವೇದ ವೈದ್ಯರಾಗಿಯೇ ಇದನ್ನು ಹೇಳುತ್ತಿದ್ದೇವೆ.

ಬೇಗ ಆರಂಭಿಸದಿದ್ದರೆ ಮುಂದೆ ಬರಲಾರರು ಎಂಬುದು ತಂದೆತಾಯಿಯರ ಆತಂಕ. ಟೈಗರ್ ವುಡ್ಸ್ ಎರಡನೆಯ ವಯಸ್ಸಿನಲ್ಲೇ ದೂರದರ್ಶನದಲ್ಲಿ ಚೆಂಡು ಹೊಡೆದು ತೋರಿಸಿದವರು. ಅವರ ಸಾಧನೆ ಲೋಕಪ್ರಸಿದ್ಧ. ಮೊಣಕಾಲಿಗೂ ಬೆನ್ನಿಗೂ ಹಲವು ಶಸ್ತ್ರಚಿಕಿತ್ಸೆಗಳಾಗಿ, 2017ರಲ್ಲಿ ಸೊಂಟದ ಕಶೇರುಕಗಳನ್ನು ಬೆಸೆಯಬೇಕಾಗಿ ಬಂದದ್ದೂ ಅಷ್ಟೇ ಪ್ರಸಿದ್ಧ. ಬಾಲ್ಯದ ಆರಂಭವೇ ಅದಕ್ಕೆ ಕಾರಣವೆಂದು ಹೇಳಲು ಬರುವುದಿಲ್ಲ. ದಶಕಗಳ ಕಠಿಣ ಆಟವೂ ಅದರಲ್ಲಿ ಸೇರಿದೆ. ಸ್ವೀಡನ್ನಿನ ಆನಿಕಾ ಸೊರೆನ್‌ಸ್ಟಾಮ್ ಮೊದಲು ಟೆನಿಸ್ ಆಡುತ್ತಿದ್ದು, ಗಾಲ್ಫ್ ಹಿಡಿದದ್ದು ಹನ್ನೆರಡರ ಸುಮಾರಿಗೆ. ಆಮೇಲೆ ಹತ್ತು ಪ್ರಮುಖ ಪ್ರಶಸ್ತಿಗಳನ್ನು ಗೆದ್ದರು. ಅಮೆರಿಕದ ಲ್ಯಾರಿ ನೆಲ್ಸನ್ ಕೋಲು ಹಿಡಿದದ್ದೇ ಇಪ್ಪತ್ತು ದಾಟಿದ ಮೇಲೆ.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಐದರ ಹರೆಯದಲ್ಲಿ ಆರಂಭಿಸಿದರು. ಗಾಲ್ಫ್ ಮೈದಾನ ಕಾಣುವ ಹೋಟೆಲೊಂದರಲ್ಲಿ ಮನೆಯವರೊಡನೆ ತಿಂಡಿ ತಿನ್ನುವಾಗ ಮೂಡಿದ ಕುತೂಹಲವದು. ಅವರ ತಂದೆತಾಯಿಯೂ ಆಗ ಗಾಲ್ಫ್ ಆಡದವರು. ಮಗಳ ಜೊತೆಗೇ ಕಲಿತರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ತಂದೆ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ತಾಯಿ ಅವರ ಚೀಲ ಹೊತ್ತು ನಡೆದರು. ಟೋಕಿಯೋದಲ್ಲಿ ಅದಿತಿ ನಾಲ್ಕನೆಯ ಸ್ಥಾನ ಪಡೆದರು. ಬೇಗ ಆರಂಭಿಸುವುದಾದರೆ ಹೀಗೆ ಆರಂಭವಾಗಲಿ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ಮಗುವಿನ ಕುತೂಹಲ ಮೊದಲು, ತರಬೇತಿ ಆಮೇಲೆ.

ಎಂಟು ವರ್ಷದೊಳಗಿನವರಿಗೆ ಕುಳಿಯ ಸಮೀಪ ಚೆಂಡು ಉರುಳಿಸುವ ಆಟವೇ ಸಾಕು. ಅದರಲ್ಲಿ ಬೆನ್ನು ತಿರುಚುವುದಿಲ್ಲ, ಕಣ್ಣು-ಕೈಗಳ ಹೊಂದಾಣಿಕೆ ಬೆಳೆಯುತ್ತದೆ, ಮಗುವಿಗೆ ಖುಷಿಯೂ ಹೆಚ್ಚು. ದೊಡ್ಡವರ ಕೋಲನ್ನು ಕತ್ತರಿಸಿ ಕೊಡುವ ಪದ್ಧತಿ ಕೆಲವರಲ್ಲಿದೆ. ಉದ್ದ ಕಡಿಮೆಯಾದರೂ ಅದರ ತಲೆಯ ಭಾರ ಹಾಗೆಯೇ ಉಳಿಯುವುದರಿಂದ ಮಗು ಕೈಯ ಬದಲು ಇಡೀ ಬೆನ್ನಿನಿಂದ ಎಳೆಯುತ್ತದೆ. ಮಕ್ಕಳಿಗೆಂದೇ ತಯಾರಾದ ಹಗುರ ಕೋಲುಗಳಿವೆ, ಅವೇ ಬೇಕು. ಚೀಲವನ್ನು ಒಂದೇ ಹೆಗಲಿಗೆ ನೇತುಹಾಕಿ ಹೊರಿಸಬೇಡಿರಿ. ಮಗುವಿನ ವಯಸ್ಸು ಎಷ್ಟೋ ವಾರಕ್ಕೆ ಅಷ್ಟು ಗಂಟೆಗಿಂತ ಹೆಚ್ಚು ಸಂಘಟಿತ ತರಬೇತಿ ಬೇಡವೆಂದು ಮಕ್ಕಳ ಕ್ರೀಡಾವೈದ್ಯರು ಸೂಚಿಸುತ್ತಾರೆ. ವಾರದಲ್ಲಿ ಒಂದೆರಡು ದಿನ, ವರ್ಷದಲ್ಲಿ ಎರಡು ಮೂರು ತಿಂಗಳು ಅದೇ ಆಟದಿಂದ ಬಿಡುವು ಇರಬೇಕು. ಆ ದಿನಗಳಲ್ಲಿ ಮಗು ಈಜಲಿ, ಓಡಲಿ, ಮರ ಹತ್ತಲಿ. ಹದಿಮೂರು ಹದಿನಾಲ್ಕರವರೆಗೆ ಒಂದೇ ಆಟಕ್ಕೆ ಕಟ್ಟಿಹಾಕದಿರುವುದು ಲೇಸು.

ಇನ್ನೊಂದು ಅಪಾಯವನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ. ಚಿಕ್ಕ ಮಕ್ಕಳಿಗೆ ಗಾಲ್ಫಿನಿಂದ ಆಗುವ ಗಂಭೀರ ಗಾಯಗಳು ಬಹುಪಾಲು ತಲೆಗೆ. ಅಣ್ಣನೋ ಅಕ್ಕನೋ ಕೋಲು ಬೀಸುವಾಗ ಹಿಂದೆ ನಿಂತ ತಮ್ಮನ ಹಣೆಗೆ ಬಡಿಯುತ್ತದೆ, ಅದೂ ಮನೆಯ ಅಂಗಳದಲ್ಲಿ. ಕೋಲುಗಳನ್ನು ಮಕ್ಕಳ ಕೈಗೆ ಎಟಕದಂತೆ ಇಡಬೇಕು. ಬೀಸುವವರ ಸುತ್ತ ನಾಲ್ಕು ಕೋಲಿನಷ್ಟು ದೂರದೊಳಗೆ ಯಾರೂ ನಿಲ್ಲಬಾರದು. ಗುಡುಗು ಕೇಳಿದೊಡನೆ ಬಯಲು ಬಿಟ್ಟು ಕಟ್ಟಡದೊಳಗೆ ಬರಬೇಕು, ಮರದ ಕೆಳಗೆ ನಿಲ್ಲಕೂಡದು.

ಬಲದ ಅರ್ಧದಷ್ಟೇ ವ್ಯಾಯಾಮವಿರಲಿ ಎಂಬ ಸೂತ್ರ ದೊಡ್ಡವರಿಗೆ ಹೇಳಿದ್ದು, ಅದೂ ಚಳಿಗಾಲ ಮತ್ತು ವಸಂತದಲ್ಲಿ. ಉಳಿದ ಋತುಗಳಲ್ಲಿ ಇನ್ನೂ ಕಡಿಮೆ. ಮಗುವಿನ ಹಣೆ, ಮೂಗು, ಕಂಕುಳಲ್ಲಿ ಬೆವರೊಡೆದು, ಬಾಯಿ ಒಣಗಿ, ಬಾಯಿಂದ ಉಸಿರಾಡತೊಡಗಿದರೆ ಅರ್ಧ ಬಲ ಮುಗಿಯಿತೆಂದು ತಿಳಿದು ನಿಲ್ಲಿಸಿರಿ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಆಟ ಮುಗಿಯಲಿ. ಅಗಲ ಅಂಚಿನ ಟೋಪಿ ಇರಲಿ. ಬಣ್ಣದ ಸೀಸೆಪಾನೀಯಗಳ ಬದಲು ನೀರು, ತೆಳು ಮಜ್ಜಿಗೆ, ರಾಗಿ ಅಂಬಲಿ ಕೊಡಿರಿ. ಉಂಡ ಕೂಡಲೇ ಆಡಿಸಬೇಡಿರಿ. ವಾರಕ್ಕೆರಡು ಸಲ ಸ್ನಾನಕ್ಕೆ ಮುಂಚೆ ಎಳ್ಳೆಣ್ಣೆಯ ಅಭ್ಯಂಗ ಹಿತಕರ. ಮೈ ಕಾವಿನ ಮಕ್ಕಳಿಗೆ ಬೇಸಿಗೆಯಲ್ಲಿ ಕೊಬ್ಬರಿ ಎಣ್ಣೆ ಆದೀತು.

ಶಿಬಿರಕ್ಕೆ ಬಂದಿದ್ದ ಆ ಹಿರಿಯರು ಕಳೆದ ಹುಣ್ಣಿಮೆಯಂದು ಮತ್ತೆ ಸಿಕ್ಕಿದ್ದರು. ಐದು ದಿನದ ತರಬೇತಿ ಈಗ ಎರಡು ದಿನಕ್ಕೆ ಇಳಿದಿದೆಯಂತೆ. ಉಳಿದ ದಿನ ಮೊಮ್ಮಗಳು ಏನು ಮಾಡುತ್ತಾಳೆಂದು ಕೇಳಿದೆವು. ಫೋನಿನಲ್ಲಿ ತಮ್ಮಿಂದ ಕುಂಟೆಬಿಲ್ಲೆಯ ನಿಯಮ ಕೇಳಿಕೊಂಡು, ಅಪಾರ್ಟ್‌ಮೆಂಟಿನ ಮಕ್ಕಳಿಗೆಲ್ಲ ಕಲಿಸುತ್ತಿದ್ದಾಳೆ ಎಂದರು.